ಬಿದ್ದವನ ಕೈ

ಆ ಪೆಟ್ಟಿಗೆ ಮೇಲೆ ಕೂರಬೇಡ್ವೋ, ಕೊಸಾಕು. ಅದರೊಳಗೆ ಟ್ಯೂಬ್‌ಲೈಟ್‌ಗಳಿವೆ, ನಲವತ್ತು. ಇನ್ನು ಕಾಲು ಗಂಟೆಗೆ ಹೇಗೂ ನಮ್ಮ ಬೆನ್ನ ಮೇಲೇ ಒಡೆಯೋದು, ಈಗಲೇ ನಿನ್ನ ಅಂಡಿನ ಕೆಳಗೆ ಯಾಕೆ ಒಡೀಬೇಕು? ಬೆಂಚಿದೆಯಲ್ಲ, ಅಲ್ಲಿ ಕೂತ್ಕೊ... ನಿಂತೇ ಇರ್ತೀಯಾ? ಸರಿ, ನಿಂತ್ಕೊ. ಬಾಗಿಲಿಗೆ ಯಾಕೆ ಹಾಗೆ ಬೆನ್ನು ಕೊಟ್ಟು ನಿಂತೆ, ಯಾರೂ ಬರಲ್ಲ.

ನೀನು ಈ ಕಡೆ ಬಂದಿದ್ದನ್ನ ಯಾರಾದ್ರೂ ನೋಡಿದ್ರಾ? ಕುಸ್ತಿಗೆ ಮುಂಚೆ ಕೆಂಪು ಮೂಲೆಯವನು ನೀಲಿ ಮೂಲೆಯವನ ಕೋಣೆಗೆ ಕಾಲಿಡಬಾರದು. ಒಬ್ಬರ ರಕ್ತ ಒಬ್ಬರು ಹರಿಸೋರು ಒಟ್ಟಿಗೆ ಕೂತು ಚಹಾ ಕುಡೀತಿದ್ರು ಅಂತ ಗೊತ್ತಾದ್ರೆ ಜನ ಬರ್ತಾರಾ? ಮೂವತ್ತೇಳು ವರ್ಷದಲ್ಲಿ ಒಂದು ಸಲಾನೂ ನಾನು ಆ ನಿಯಮ ಮುರಿದಿಲ್ಲ. ಇರಲಿ. ಇವತ್ತು ನನ್ನ ಕೊನೇ ಪಂದ್ಯ, ನನ್ನನ್ನ ಕಳಿಸಿಕೊಡೋನು ನೀನು... ಪರವಾಗಿಲ್ಲ.

ಚಹಾ ಹಾಕಲಾ? ಬಾರ್ಲಿ ಚಹಾ, ತಣ್ಣಗಿದೆ. ಬೇಡ್ವಾ. ಅನ್ನದುಂಡೆ ಇದೆ, ಒಳಗೆ ಹುಳಿ ಪ್ಲಮ್ ಇಟ್ಟಿದ್ದು. ಅದೂ ಬೇಡ. ಹೌದು, ಹೊಟ್ಟೆ ತುಂಬಿಸಿಕೊಂಡು ತಲೆಕೆಳಗಾಗಬಾರದು... ಆದ್ರೆ ತಲೆಕೆಳಗಾಗೋನು ನಾನು ತಾನೇ, ನೀನಲ್ವಲ್ಲ. ನಗೋದೇ ಇಲ್ವಲ್ಲೋ ನೀನು. ಶಿಗೆತೊ ಆಗಿದ್ರೆ ಇಷ್ಟೊತ್ತಿಗೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ನಿಮ್ಮಣ್ಣನಿಗೆ ನನ್ನ ಹಳಸಲು ಜೋಕೂ ಸಾಕಾಗ್ತಿತ್ತು.

ಏನು ನೋಡ್ತಿದ್ದೀಯ, ಹಣೇನಾ? ನೋಡು, ನೋಡು. ಈ ಸೀಳಲ್ಲಿ ಊಟದ ಕಡ್ಡಿ ನಿಲ್ಲಿಸಿ ತೋರಿಸ್ತಿದ್ದೆ ಒಂದು ಕಾಲದಲ್ಲಿ. ನಿಲ್ಲುತ್ತೆ, ಬೀಳಲ್ಲ. ವಾರದಲ್ಲಿ ಐದು ದಿನ ಶಿಶುವಿಹಾರದ ಬಸ್ ಓಡಿಸ್ತೀನಲ್ಲ, ಅಲ್ಲಿ ಮಾತ್ರ ಟೋಪಿ ಹುಬ್ಬಿನ ತನಕ ಎಳ್ಕೊಂಡಿರ್ತೀನಿ. ಒಂದು ಸಲ ಗಾಳಿಗೆ ಹಾರಿಹೋಯ್ತು. ಒಂದು ಹುಡುಗಿ, ಇಷ್ಟೇ ಇಷ್ಟುದ್ದ, ಹತ್ತಿರ ಬಂದು, 'ಇನುಕಾಯ್ ಮಾಮ, ನಿಮ್ಮನ್ನ ಬೆಕ್ಕು ಪರಚಿತಾ?' ಅಂದಳು. ಹೂಂ ಕಣಮ್ಮ, ದೊಡ್ಡ ಬೆಕ್ಕು ಅಂದೆ. ಮುಳ್ಳುತಂತಿ ಸುತ್ತಿದ ಬ್ಯಾಟಲ್ಲಿ ಹೊಡೆಸಿಕೊಂಡೆ ಅಂತ ಹೇಳಕ್ಕಾಗುತ್ತಾ ಮಗೂಗೆ? ಇವತ್ತು ಆ ಮಕ್ಕಳ ಅಪ್ಪ ಅಮ್ಮಂದಿರು ಬಂದಿದ್ದಾರೆ. ಮುಂದಿನ ಸಾಲಲ್ಲಿ, ಗಾಜು ಹಾರುತ್ತೆ ಅಂತ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಕೂತಿದ್ದಾರೆ.

ಸುಮೊ ಕಲಿಸೋ ಮನೆಯಿಂದ ಓಡಿಬಂದಾಗ ನನಗೆ ಹತ್ತೊಂಬತ್ತು, ಗೊತ್ತಾ? ದೊಡ್ಡ ಕುಸ್ತಿ ಕಂಪನಿಗಳು ಬಾಗಿಲಲ್ಲೇ ಅಳತೆ ತಗೊಂಡು, ಗಿಡ್ಡ ಅಂತ ವಾಪಸ್ ಕಳಿಸಿದ್ವು. ಸೇರಿಸಿಕೊಂಡಿದ್ದು ಈ ಮುಳ್ಳುತಂತಿ ಕಂಪನಿ ಒಂದೇ. ಇಲ್ಲಿ ಎಷ್ಟೆತ್ತರ ಅಂತ ಯಾರೂ ಕೇಳಲ್ಲ, ಮೈಯಲ್ಲಿ ರಕ್ತ ಇದ್ರೆ ಆಯ್ತು. ಈಜುಕೊಳದ ಪಕ್ಕ, ಪೀಠೋಪಕರಣ ಅಂಗಡಿ ಮುಂದೆ, ಮೀನು ಮಾರುಕಟ್ಟೆ ಅಂಗಳದಲ್ಲಿ... ಎಲ್ಲೆಲ್ಲಿ ರಿಂಗ್ ಹಾಕಿಲ್ಲ ನಾವು? ಹಲಗೆಗೆ ತಂತಿ ನಾವೇ ಬಿಗೀತಿದ್ವಿ, ನಾನೂ ಶಿಗೆತೊನೂ, ಬೆಳಗ್ಗೆ ಕೂತು. ಯಾವನ ಬೆನ್ನಿಗೆ ಚುಚ್ಚೋದಿದೆಯೋ ಅವನೇ ಆ ಮುಳ್ಳು ಬಗ್ಗಿಸಬೇಕು, ಅದು ನಿಮ್ಮಣ್ಣನ ಪದ್ಧತಿ. ಅವನು ಬಿದ್ರೆ ಹೆಂಗಸರು ಅಳೋರು. ನಾನು ಬಿದ್ರೆ ಬಿಯರ್ ತರಕ್ಕೆ ಎದ್ದು ಹೋಗೋರು. ನಿಜಾನೋ. ನೆಲದ ಮೇಲೆ ಮಲಗಿಕೊಂಡು ನಾನೇ ನೋಡ್ತಿದ್ದೆ.

ಸರಿ, ಕೆಲಸದ ಮಾತು. ಮೊದಲು ಟ್ಯೂಬುಗಳು, ಇಬ್ಬರಿಗೂ. ಆಮೇಲೆ ನಾನು ಏಣಿ ಮೇಲಿಂದ ಮುಳ್ಳು ಹಲಗೆ ಮೇಲೆ ಬೀಳ್ತೀನಿ. ಕೊನೆಗೆ ನೀನು ನನ್ನನ್ನ ತಲೆಕೆಳಗು ಎತ್ತಿ, ತೊಡೆ ಮಧ್ಯ ತಲೆ ಸಿಕ್ಕಿಸಿಕೊಂಡು ಧಡ್ ಅಂತ ಕೂರ್ತೀಯ. ಪೈಲ್‌ಡ್ರೈವರ್. ನೀನೇ ಕೇಳಿದ್ದಂತೆ ಅದನ್ನ. ಕಂಪನಿಯವರು ಹೇಳಿದಾಗ ನನಗೆ ಒಂದು ಕ್ಷಣ... ಏನಿಲ್ಲ, ಖುಷಿ ಆಯ್ತು ಅಂತ ಹೇಳ್ತಿದ್ದೀನಿ. ಚೋಶಿ ಬಂದರಲ್ಲಿ ನಿಮ್ಮಣ್ಣನ ಕೊನೇ ಪಂದ್ಯ ಮುಗಿದಿದ್ದೂ ಹಾಗೇ ಅಲ್ವಾ? ಏಣಿ, ಹಲಗೆ, ಪೈಲ್‌ಡ್ರೈವರ್. ಅದೇ ಕ್ರಮ. ಅವತ್ತು ಎತ್ತಿದವನು ನಾನು, ಇವತ್ತು ನೀನು. ಅವನ ಗೌರವಕ್ಕೆ ತಾನೇ ಕೇಳಿದ್ದು? ಅವನ ನೆನಪಿಗೆ... ಹೂಂ ಅಂತಾದ್ರೂ ಅನ್ನು ಮಾರಾಯ.

ಆಮೇಲೆ ರಿಂಗಿನ ಗಂಟೆ ಹತ್ತು ಸಲ ಹೊಡೀತಾರಂತೆ, ಬೀಳ್ಕೊಡಕ್ಕೆ, ನಾನು ಮಧ್ಯ ನಿಂತಿರುವಾಗ. ಸತ್ತವನಿಗೂ ಹತ್ತೇ ಅಲ್ವಾ ಹೊಡೆಯೋದು? ಶಿಗೆತೊಗೂ ಹೊಡೆದ್ರಂತೆ, ಏಪ್ರಿಲ್‌ನಲ್ಲಿ. ಬರಕ್ಕಾಗ್ಲಿಲ್ಲ ಕಣೋ ಅವನ ದಹನಕ್ಕೆ. ಹೊಸ ಮಕ್ಕಳು ಸೇರೋ ತಿಂಗಳು, ಬಸ್ಸಿಗೆ ಬೇರೆ ಚಾಲಕ ಸಿಗಲಿಲ್ಲ. ಹದಿನೈದು ವರ್ಷ ಹಾಸಿಗೇಲಿ... ಕತ್ತಿನಿಂದ ಕೆಳಗೆ ಏನೂ ಇಲ್ಲ, ಗಂಟಲಲ್ಲಿ ಕೊಳವೆ, ಮಾತೂ ಇಲ್ಲ. ಪ್ರತಿ ಡಿಸೆಂಬರ್‌ನಲ್ಲಿ ನಾನು ಕಿತ್ತಳೆ ಪೆಟ್ಟಿಗೆ ಕಳಿಸ್ತಿದ್ದೆ. ಪ್ರತಿ ಸಲ ನಿಮ್ಮಮ್ಮ ಬದಲಿಗೆ ಟವಲ್ ಕಳಿಸೋರು. ಹದಿನೈದು ಟವಲ್, ಬೀರುವಿನಲ್ಲಿವೆ. ಒಂದನ್ನೂ ಬಿಚ್ಚಿಲ್ಲ. ಯಾಕೆ ಅಂತ ಕೇಳಬೇಡ.

ರಿಂಗಲ್ಲಿ ನಾವಿಬ್ಬರು ಎದುರಾಬದುರಾಗ್ತಿರೋದು ಇದೇ ಮೊದಲು, ಅದಕ್ಕೇ ಒಂದು ಸಲ ಹೇಳಿಬಿಡ್ತೀನಿ. ನಿನಗೆ ಗೊತ್ತಿರೋದೇ, ಆದ್ರೂ. ದೊಡ್ಡದಾಗಿ ಬಿದ್ದ ಮೇಲೆ ಬಿದ್ದವನ ಕೈ ಹಿಡೀಬೇಕು. ಜನಕ್ಕೆ ಕೈ ತಿರುಚ್ತಿದ್ದಾನೆ ಅನ್ನಿಸಬೇಕು. ಬಿದ್ದವನು ಒಂದು ಸಲ ಒತ್ತಬೇಕು. ಒತ್ತಿದ್ರೆ, ಚೆನ್ನಾಗಿದ್ದೀನಿ, ಮುಂದಕ್ಕೆ ಹೋಗು ಅಂತ. ಒತ್ತದೇ ಇದ್ರೆ ಅಲ್ಲಿಗೆ ಮುಗೀತು, ಎಷ್ಟೇ ಜನ ಕೂಗ್ತಿರಲಿ. ಬಾಯಲ್ಲಿ ಕೇಳಕ್ಕಾಗಲ್ವಲ್ಲ, ತುಟಿ ಆಡಿದ್ರೆ ಕಾಣುತ್ತೆ. ನಮ್ಮ ಕೆಲಸದಲ್ಲಿ ಸುಳ್ಳು ಹೇಳಬಾರದ ಜಾಗ ಅದೊಂದೇ.

ಚೋಶಿಯಲ್ಲೂ ಹಿಡಿದೆ ನಾನು. ಎಷ್ಟು ಸಲ ಹೇಳಿದ್ದೀನಿ ಇದನ್ನ. ಪೊಲೀಸರಿಗೆ ಹೇಳಿದೆ, ಪತ್ರಿಕೆಯವರಿಗೆ ಹೇಳಿದೆ, ನಿಮ್ಮಮ್ಮನ ಮುಂದೆ ಚಾಪೆಗೆ ಹಣೆ ಹಚ್ಚಿ ಹೇಳಿದೆ. ಏಣಿಯಿಂದ ಬಿದ್ದ. ನಾನು ಕೈ ಹಿಡಿದೆ. ಅವನು ಒತ್ತಿದ, ಗಟ್ಟಿಯಾಗಿ ಒತ್ತಿದ. ಅದಕ್ಕೇ ಎತ್ತಿದೆ. ನಿಮ್ಮಮ್ಮ ಏನಂದ್ರು ಗೊತ್ತಾ? 'ಹಾಗಾದ್ರೆ ಅವನೇ ಮುಂದುವರಿಸು ಅಂದಿದ್ದಾನೆ, ನಿಮ್ಮ ತಪ್ಪೇನೂ ಇಲ್ಲ' ಅಂದ್ರು. ಎದ್ದು ಹೋಗಿ ನನಗೆ ಚಹಾ ಮಾಡ್ಕೊಂಡು ಬಂದ್ರು.

ಯಾಕೆ ಹಾಗೆ ನೋಡ್ತೀಯ?

ನೀನಿರ್ಲಿಲ್ವಲ್ಲ ಆಗ. ಅವನ ಮೂಲೆಯ ಸಹಾಯಕ ನೀನೇ, ನಿಜ, ಆದ್ರೆ ಆ ಹೊತ್ತಿಗೆ ಐಸ್ ತರಕ್ಕೆ ಹೋಗಿದ್ದೆ. ಮೀನು ಮಾರುಕಟ್ಟೆ ಅಂಗಳ, ಐಸ್‌ಗೇನು ಬರ? ಬಿಳೀ ಬಕೆಟ್ ಹಿಡ್ಕೊಂಡು ಹೋಗಿದ್ದನ್ನ ನಾನೇ ನೋಡಿದ್ದೀನಿ, ನಾವಿಬ್ಬರೂ ಏಣಿ ಮೇಲಿದ್ದಾಗ... ಇಲ್ವಾ? ತಲೆ ಯಾಕೆ ಆಡಿಸ್ತೀಯ? ಹೋಗ್ಲಿಲ್ವಾ?

ಹೋಗಿ ಬಂದುಬಿಟ್ಟಿದ್ಯಾ? ಅಷ್ಟು ಬೇಗ?

ಎಲ್ಲಿ ನಿಂತಿದ್ದೆ ಮತ್ತೆ? ಆಚೆ ಕಂಬದ ಹತ್ತಿರ ತಾನೇ? ತೋರಿಸು. ಈ ಬೆಂಚು ರಿಂಗ್ ಅಂದ್ಕೊ. ಶಿಗೆತೊ ಇಲ್ಲಿ ಬಿದ್ದಿದ್ದಾನೆ, ಬಲಗೈ ಹಗ್ಗದ ಕೆಳಗಿಂದ ಹೊರಗೆ ಚಾಚಿದೆ. ನಾನು ಹೀಗೆ ಬಗ್ಗಿ ಅದನ್ನ ಹಿಡಿದಿದ್ದೀನಿ. ನೀನೆಲ್ಲಿ?

...ಅಲ್ಲಾ?

ಅಷ್ಟು ಹತ್ತಿರಾನಾ. ಅವನ ಬೆರಳು ನಿನ್ನ ಮೂಗಿನ ಮುಂದೇ ಇದ್ದಿರಬೇಕಲ್ಲ ಹಾಗಾದ್ರೆ.

ಹದಿನೈದು ವರ್ಷ, ಕೊಸಾಕು. ಹದಿನೈದು ವರ್ಷದಲ್ಲಿ ಇದರ ಬಗ್ಗೆ ಒಂದು ಮಾತು ಆಡ್ಲಿಲ್ಲ ನೀನು. ಕಂಪನಿ ವ್ಯಾನಲ್ಲಿ ನನ್ನ ಪಕ್ಕ ಕೂತು ಊರೂರು ಸುತ್ತಿದ್ದೀಯ. ಚಿಮಟ ಹಿಡಿದು ನನ್ನ ಬೆನ್ನಿಂದ ಗಾಜು ಕಿತ್ತಿದ್ದೀಯ, ನೋವಾಗ್ತಿದೆಯಾ ಅಂತ ಕೇಳಿ ಕೇಳಿ ಕಿತ್ತಿದ್ದೀಯ. ಅಮ್ಮನಿಗೂ ಹೇಳ್ಲಿಲ್ವಾ? ಅವನು ಸಾಯೋ ತನಕ ಕಾದೆಯಾ? ಏನಾದ್ರೂ ಹೇಳೋ. ಬೈಯಿ. ಹೊಡಿ ಬೇಕಾದ್ರೆ.

ಜನ ಕೂಗ್ತಿದ್ರು. ನೀನೂ ಕೇಳಿಸ್ಕೊಂಡಿರ್ತೀಯ. ಇನುಕಾಯ್, ಇನುಕಾಯ್ ಅಂತ... ಅವತ್ತಿನ ತನಕ ಯಾರೂ ನನ್ನ ಹೆಸರು ಕೂಗಿರ್ಲಿಲ್ಲ ಕಣೋ. ಒಬ್ಬರೂ. ಮುದುಕ ಮಿಕುನಿ ತೀರ್ಪುಗಾರ, ಅವನಾದ್ರೂ ಬಂದು ನೋಡಬಹುದಿತ್ತು, ಆದ್ರೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನ ಹಾಗೆ ಮಲಗಿರು ಅಂತ ನಾವೇ ಅವನಿಗೆ ಹೇಳಿಕೊಟ್ಟಿದ್ವಿ, ಪಾಪ, ಕಣ್ಣು ಮುಚ್ಕೊಂಡು ಬಿದ್ದಿದ್ದ. ನಾನು ಕೈ ಹಿಡಿದೆ. ಕಾದೆ. ಬೆವರಿಗೆ ಜಾರ್ತಿರಬೇಕು ಅಂದ್ಕೊಂಡೆ. ತಡವಾಗಿ ಒತ್ತುತ್ತಾನೆ ಅಂದ್ಕೊಂಡೆ, ಶಿಗೆತೊ ಯಾವಾಗ್ಲೂ ನಿಧಾನ. ಇನ್ನೂ ಕಾದ್ರೆ ಜನ ಸುಮ್ಮನಾಗಿಬಿಡ್ತಾರೆ ಅನ್ನಿಸ್ತು. ಎತ್ತುವಾಗ ಒತ್ತುತ್ತಾನೆ ಅಂದ್ಕೊಂಡೆ...

ಒತ್ತಲಿಲ್ಲ.

ಹೂಂ. ಒತ್ತಲಿಲ್ಲ ಅವನು. ಒದ್ದೆ ಬಟ್ಟೆ ಹಿಡಿದ ಹಾಗಿತ್ತು. ಗೊತ್ತಿದ್ದೇ ಎತ್ತಿದೆ. ನೀನು ಅದನ್ನ ನೋಡಿದೆ. ಸಾಕಾ?

ಯಾರು ಬಾಗಿಲು ತಟ್ಟಿದ್ದು? ...ಹ್ಞಾಂ, ಬಂದೆ, ಬಂದೆ. ಐದು ನಿಮಿಷ. ಇಲ್ಲ, ಯಾರೂ ಇಲ್ಲ ಇಲ್ಲಿ, ನಾನೊಬ್ಬನೇ ಮಾತಾಡ್ಕೋತಿದ್ದೀನಿ.

ನೋಡು, ಕೊನೇದನ್ನ ಬದಲಾಯಿಸು ಅಂತ ನಾನು ಕೇಳಲ್ಲ. ಬೇಡ ಅಂದ್ರೆ ಕಂಪನಿಯವರು ಯಾಕೆ ಅಂತಾರೆ. ಯಾಕೆ ಅಂತ ಹೇಳಬೇಕಾಗುತ್ತೆ, ಎಂಟುನೂರು ಜನ, ಆ ಮಕ್ಕಳ ಅಪ್ಪ ಅಮ್ಮಂದಿರು... ನಾಳೆ ಸೋಮವಾರ, ಏಳೂವರೆಗೆ ಬಸ್ ತೆಗೀಬೇಕು ನಾನು. ಏಣಿಯಿಂದ ಬೀಳ್ತೀನಿ, ಅದನ್ನೂ ಬಿಡಲ್ಲ. ಬಿದ್ದ ಮೇಲೆ ನೀನು ನನ್ನ ಕೈ ಹಿಡಿ, ಅಷ್ಟೇ ನಾನು ಕೇಳ್ತಿರೋದು. ಹಿಡೀತೀಯಲ್ಲ? ಹಿಡೀತೀಯ. ನಿಮ್ಮಣ್ಣನೇ ಕಲಿಸಿದ್ದು ನಿನಗೆ.

ಒತ್ತುತ್ತೀನಿ ನಾನು. ಗಟ್ಟಿಯಾಗೇ ಒತ್ತುತ್ತೀನಿ. ಅಕಸ್ಮಾತ್... ನನಗೂ ವಯಸ್ಸು ಐವತ್ತಾರಾಯ್ತಲ್ಲ, ಮಂಡಿ ಹೋಗಿದೆ, ಸರಿಯಾಗಿ ಬೀಳಕ್ಕಾಗದೇ ಹೋಗಬಹುದು. ಅಕಸ್ಮಾತ್ ನಾನು ಒತ್ತಲಿಲ್ಲ ಅಂದ್ರೆ, ನಿಲ್ಲಿಸ್ತೀಯಲ್ಲ?

ಕೊಸಾಕು.

ಬಾಗಿಲು ಆಮೇಲೆ ತೆಗಿ. ಮೊದಲು ಹೇಳು. ನಿಲ್ಲಿಸ್ತೀಯಲ್ಲ?