ಹೊಸ ಗಿಟಾರಿನ ಗತ್ತು

"ಎಲುಬಿಲ್ಲದ ನಾಲಿಗೆ ಅಂತ ಎಲ್ಲರ ಮುಂದೆ ನನ್ನ ಕೈ ಸೋತಿದೆ ಅಂದ್ಬಿಡೋದಾ?"

ವಾದ್ಯ ರಿಪೇರಿ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಡ್ರಮ್ಮಿನವನು ಒಂದೇ ತಂಡದಲ್ಲಿ ನುಡಿಸುವ ತನ್ನ ಬಾಮೈದನಿಗೆ ಹೀಗೆ ಗದರಿದ. ಬಾಮೈದನ ಹೊಸ ದುಬಾರಿ ಬೇಸ್ ಗಿಟಾರ್ ಮೇಜಿನ ಮೇಲಿತ್ತು. ರಿಪೇರಿಯವನು ಅದರ ತಂತಿ ಬಿಗಿಯುತ್ತಿದ್ದ.

"ಸುಳ್ಳಾ ಭಾವ? ಇದು ಬಂದ್ಮೇಲೆ ಎಲ್ಲ ಬಿಡಿಬಿಡಿಯಾಗಿ ಕೇಳ್ಸುತ್ತೆ. ನೀವು ಹಿಂದೆ ಬೀಳ್ತೀರಿ. ಹಾಡೋಳಿಗೆ ಶ್ರುತಿನೇ ನಿಲ್ಲಲ್ಲ. ಇಂಥವರ ಜೊತೆ ಹತ್ತು ವರ್ಷ ಹೇಗೆ ನುಡಿಸಿದ್ನೋ."

"ಹೇಗೆ ಅಂತ ನಾನು ಹೇಳ್ತೀನಿ. ನೀನು ಯಾವಾಗ್ಲೂ ಚೂರು ತಡವಾಗಿ ತಂತಿ ಮೀಟ್ತೀಯ. ಹಳೇ ಗಿಟಾರ್ ಗುಂಯ್ ಅಂತಿತ್ತು, ಆ ಸದ್ದಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ನಿನಗೋಸ್ಕರ ನಾನು ಕೈ ತಡೆದು ಹೊಡೀತಿದ್ದೆ."

"ಏನೇನೋ ಹೇಳ್ಬೇಡಿ."

"ನಿನ್ನೆ ನನ್ನ ಬದಲು ತಾಳದ ಮೆಷಿನ್ ಇಟ್ಕೊಂಡ್ಯಲ್ಲ. ಅದು ಯಾರಿಗೂ ಕಾಯಲ್ಲ. ಹೇಗಾಯ್ತು?"

"ಮೂರು ಸಲ ನಿಲ್ಲಿಸಿದ್ವಿ."

"ಯಾರಿಂದ?"

"ನನ್ನಿಂದ. ಅಕ್ಕನಿಗೆ ಇದು ಗೊತ್ತಾ?"

"ನಾವು ಮದುವೆಯಾದ ವರ್ಷದಿಂದ್ಲೂ. ತಮ್ಮನ ಮುಖಕ್ಕೆ ಹೇಳ್ಬೇಡಿ ಅಂದಿದ್ಲು."

ಭಾವನನ್ನು ಹಳಿಯುತ್ತಿದ್ದಾಗ ಆ ಹುಡುಗನ ಕಪಾಳಕ್ಕೆ ಬಾರಿಸಬೇಕೆನಿಸಿತ್ತು ನನಗೆ. ಈಗ ಅವನ ಮುಖ ನೋಡಲಾಗಲಿಲ್ಲ.

ರಿಪೇರಿಯವನು ಗಿಟಾರ್ ಎತ್ತಿ ಚಾಚಿದ. "ತಗೊಳ್ಳಿ, ಒಂದ್ಸಲ ನುಡಿಸಿ ನೋಡಿ. ಸರಿಯಿದ್ಯಾ ಹೇಳಿ."

ಬಾಮೈದ ಕೈ ಚಾಚಲಿಲ್ಲ. "ಟೀ ಕುಡಿದು ಬರ್ತೀನಿ ಭಾವ," ಎಂದು ಚಪ್ಪಲಿ ಮೆಟ್ಟಿ ಹೊರಟ.

ಮುಕ್ಕಾಲು ಗಂಟೆ ಕಾದರೂ ಅವನು ಬರಲಿಲ್ಲ. ಭಾವ ಎದ್ದು, ಗಿಟಾರನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿಕೊಂಡು ಹೋದ.