ಎರಡು ಎಡ ತೋಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಬಹುಮಾನ ಕೊಡಲು ಬಂದಿರುವ ಅತಿಥಿಗಳೇ, ಹೊಲಿಗೆ ತರಬೇತಿ ಕೇಂದ್ರದ ನನ್ನ ವಿದ್ಯಾರ್ಥಿಗಳೇ, ಮತ್ತು ಊಟದ ಹೊತ್ತಾದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಇಪ್ಪತ್ತೆಂಟು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವನ ಬೀಳ್ಕೊಡುಗೆಗೆ ಹತ್ತು ನಿಮಿಷ ಕೊಟ್ಟಿದ್ದೀರಿ. ಅಳತೆ ಸ್ವಲ್ಪ ಬಿಗಿಯಾಯಿತು, ಆದರೂ ತೊಡುತ್ತೇನೆ.

ನನ್ನ ಪದ್ಧತಿ ನಿಮಗೆಲ್ಲ ಗೊತ್ತು. ಮೊದಲ ದಿನವೇ ಕೈಗೆ ಕತ್ತರಿ ಕೊಟ್ಟು, ಗೆರೆ ಎಳೆಯದ ಕಾಗದವನ್ನು ನೇರವಾಗಿ ಕತ್ತರಿಸಲು ಹೇಳುತ್ತಿದ್ದೆ. ನೇರ ಬಂದವರು ಕಟಿಂಗ್ ಮೇಜಿಗೆ, ಸೊಟ್ಟ ಬಂದವರು ಅಂಗಿಗೆ ಗುಂಡಿ ಹೊಲಿಯುವ ಮೇಜಿಗೆ. ಕೈಗುಣ ಹುಟ್ಟಿನಿಂದಲೇ ಬರಬೇಕು ಎಂದು ಎಷ್ಟು ಸಲ ಹೇಳಿಲ್ಲ ನಾನು?

ನನ್ನ ಮಗಳೂ ಇಲ್ಲೇ ಕಲಿತಳು. ಅವಳ ಕಾಗದ ನೇರವಾಗಿಯೇ ಬಂದಿತ್ತು. ಆದರೆ ಎರಡನೇ ತಿಂಗಳು ಗಿರಾಕಿಯೊಬ್ಬರ ಕೋಟಿಗೆ ತೋಳು ಕತ್ತರಿಸುವಾಗ, ಒಂದು ತೋಳಾದ ಮೇಲೆ ನಮೂನೆಯ ಕಾಗದವನ್ನು ಮಗುಚಿ ಹಾಕಲು ಮರೆತಳು. ಎರಡೂ ಎಡ ತೋಳು. ಎರಡು ಎಡಗೈ ಇರುವ ಗಿರಾಕಿಯನ್ನು ಎಲ್ಲಿಂದ ತರುವುದು? ಈಗ ನಗುತ್ತೀರಿ, ಆ ದಿನ ಯಾರೂ ನಗಲಿಲ್ಲ. ಇಡೀ ತರಗತಿಯ ಮುಂದೆ, "ನಿನಗೆ ಈ ಜನ್ಮದಲ್ಲಿ ಕತ್ತರಿ ಹಿಡಿಯೋಕೆ ಬರಲ್ಲ, ಹೋಗಿ ಗುಂಡಿ ಹಾಕು" ಎಂದೆ.

ಅವಳು ಎದುರಾಡದೆ ಗುಂಡಿ ಹಾಕಿದಳು. ಆದರೆ ದಿನಾ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಳೆ ಪೇಪರಿನಲ್ಲಿ ಒಂದು ಜೊತೆ ತೋಳು ಕತ್ತರಿಸಿ, ಗುಂಡುಸೂಜಿ ಚುಚ್ಚಿ, ತಾರೀಕು ಬರೆದು ಮಂಚದ ಕೆಳಗೆ ಸೇರಿಸುತ್ತಿದ್ದಳಂತೆ. ಎರಡು ವರ್ಷ! ರದ್ದಿ ತೆಗೆಯಲು ಹೋದ ನನ್ನ ಹೆಂಡತಿ ಕರೆದು ತೋರಿಸಿದಳು. ಒಂದೊಂದನ್ನೇ ನೆಲದ ಮೇಲೆ ಹರಡಿದೆ. ಮೊದಲಿನವು ನೋಡುವ ಹಾಗಿರಲಿಲ್ಲ. ಆರು ತಿಂಗಳ ಹೊತ್ತಿಗೆ ಕಂಕುಳಿನ ತಿರುವು ಸರಿಹೋಗಿತ್ತು. ಕೊನೆಯವು ನನ್ನ ಕೈಯಲ್ಲೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಸರಿಯಾಗಿ ಬರಲಿ ಅಂತ ಕಾಯ್ತಿದ್ದೆ ಅಪ್ಪಾ" ಎಂದಳು. ಮರುದಿನವೇ ಅವಳನ್ನು ಕಟಿಂಗ್ ಮೇಜಿಗೆ ಕರೆದೆ.

ಎದೆಯುಬ್ಬಿಸಿ ಹೇಳುತ್ತೇನೆ, ಸೋಮವಾರದಿಂದ ನನ್ನ ಜಾಗದಲ್ಲಿ ಕಟಿಂಗ್ ಕಲಿಸುವವಳು ಅವಳೇ. ಶಿಫಾರಸು ನನ್ನದಲ್ಲ, ಬೇಕಾದರೆ ಅಧ್ಯಕ್ಷರನ್ನೇ ಕೇಳಿ.

ಇಷ್ಟಕ್ಕೇ ಮುಗಿಸಬೇಕೆಂದು ಬರೆದುಕೊಂಡು ಬಂದಿದ್ದೆ. ಆದರೆ ಮೂರನೇ ಸಾಲಿನಲ್ಲಿ ಅವಳು ಕುಳಿತಿದ್ದಾಳೆ, ಮುಚ್ಚಿಟ್ಟುಕೊಂಡು ಹೋಗಲು ಮನಸ್ಸು ಬರುತ್ತಿಲ್ಲ. ಕಲಿಯುತ್ತಿದ್ದಾಗ ನಾನೂ ಎರಡು ಎಡ ತೋಳು ಕತ್ತರಿಸಿದ್ದೆ. ಒಂದು ಸಲವಲ್ಲ, ಮೂರು ಸಲ. ನನ್ನ ಗುರುಗಳು ಬೈಯದೆ ಬೇರೆ ಬಟ್ಟೆ ಹಾಸಿ, "ಇನ್ನೊಂದ್ಸಲ ನೋಡೋಣ" ಎಂದರು. ಅದನ್ನು ಹೆಂಡತಿಗೂ ಹೇಳದೆ ನುಂಗಿಕೊಂಡು, ನನ್ನದು ಹುಟ್ಟು ಕೈಗುಣ ಎಂದು ಮೆರೆದೆ. ಮಗಳನ್ನು ಕಣ್ಣಾರೆ ಕಂಡ ಮೇಲೂ ಪದ್ಧತಿ ಬಿಡಲಿಲ್ಲ.

ಈ ವರ್ಷ ನಾನು ಗುಂಡಿ ಮೇಜಿಗೆ ಕಳಿಸಿದ ಏಳು ಜನ ಎಲ್ಲಿದ್ದೀರಿ? ಸೋಮವಾರ ಕಟಿಂಗ್ ಮೇಜಿಗೆ ಬನ್ನಿ. ಸೊಟ್ಟ ಬರುತ್ತದೆ, ಬರಲಿ. ದಿನಕ್ಕೊಂದು ಜೊತೆ ಕತ್ತರಿಸಿ, ತಾರೀಕು ಹಾಕಿಡಿ. ಆರು ತಿಂಗಳಾದ ಮೇಲೆ ನೀವೇ ಹರಡಿ ನೋಡಿಕೊಳ್ಳಿ.

ಮಗಳೇ, ಅವತ್ತು ಎಲ್ಲರ ಮುಂದೆ ಬೈದಿದ್ದೆ. ಇವತ್ತು ಎಲ್ಲರ ಮುಂದೆಯೇ ಹೇಳುತ್ತೇನೆ. ತಪ್ಪಾಯ್ತಮ್ಮ.

ಹಸಿದಿದ್ದರೂ ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.