ಅಡ್ಡದ ಅಲೆ

ಮಿಕ್ಸಿ ರಿಪೇರಿಗೆಂದು ಮೂಡುಬಿದಿರೆಯ ಡೊಂಬಯ್ಯನ ಅಂಗಡಿಯಲ್ಲಿ ಕಾಯುತ್ತಾ ಕೂತಿದ್ದೆ. ನೆರಿಯ ಊರಿನ ರಾಫಿಯಾ ಎಂಬವಳು ಬಂದು, ಜೀಪಿನವರ ಜೊತೆ ಮಾತಾಡುವ ಸಿ.ಬಿ. ರೇಡಿಯೋಗೆ ಚೌಕಟ್ಟಿನಂಥ ಕ್ವಾಡ್ ಆಂಟೆನಾ ಕೇಳಿದಳು. ನೆಟ್ಟಗಿನ ಅಲೆ, ಅಡ್ಡದ ಅಲೆ ಎರಡನ್ನೂ ಹಿಡಿಯುವಂಥದ್ದೇ ಬೇಕಂತೆ.

“ಜೀಪಿನವರ ಆಂಟೆನಾ ನೆಟ್ಟಗೆ ನಿಂತಿರ್ತದೆ. ನಿಮಗೆ ನೆಟ್ಟಗಿನದ್ದೇ ಸಾಕು,” ಎಂದ ಡೊಂಬಯ್ಯ.

“ಅದರಲ್ಲಿ ಜೀಪು ಓಡಿಸುವ ನನ್ನ ಅಣ್ಣ ಸಿಗ್ತಾ ಇರಲಿಲ್ಲ. ಮೊನ್ನೆ ತಂತಿಯನ್ನು ಅಡ್ಡ ಕಟ್ಟಿದ ಮೇಲೆ ‘ರಾಫಿಯಾ, ಕೇಳ್ತದಾ?’ ಅಂತ ಅವನ ದನಿ ಬಂತು.”

“ಅಡ್ಡದಲ್ಲಿ ಬರಬೇಕಾದರೆ ಅವನ ಆಂಟೆನಾ ಮಲಗಿರಬೇಕು.”

“ಹೌದು, ಜೀಪು ಮಗುಚಿ ಕಣಿವೆಗೆ ಬಿದ್ದದ್ದಲ್ಲವಾ.”

“ಅಯ್ಯೋ, ಹಾಗಾದರೆ ಬೇಗ ಜನ ಕರ್ಕೊಂಡು ಹೋಗಿ ಮಾರಾಯ್ರೆ!”

“ಹೋಗಿ ಆಯ್ತು. ಇರ್ಷಾದಣ್ಣನನ್ನು ದಫನ ಮಾಡಿ ನಾಲ್ಕು ತಿಂಗಳಾಯ್ತು. ಜೀಪೂ ಗುಜರಿಗೆ ಹೋಯ್ತು.”

ಡೊಂಬಯ್ಯ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಮತ್ತೆ ಮೆಲ್ಲಗೆ ಕೇಳಿದ, “ಹಾಗಾದರೆ ಅಡ್ಡದ್ದು ಮಾತ್ರ ಸಾಕಲ್ಲ?”

“ಸಾಲುವುದಿಲ್ಲ. ನಿನ್ನೆ ಬೆಳಿಗ್ಗೆಯಿಂದ ಅದರಲ್ಲಿ ಅವನ ದನಿ ಸಣ್ಣ ಆಗ್ತಾ ಉಂಟು. ನೆಟ್ಟಗಿನದ್ದರಲ್ಲಿ ದೊಡ್ಡ ಆಗ್ತಾ ಉಂಟು.” ಅವಳ ಮುಖ ಅರಳಿತು. “ಏಳ್ತಾ ಇದ್ದಾನೆ, ಅಲ್ಲವಾ?”

ಡೊಂಬಯ್ಯ ಕೊಟ್ಟ ಚೌಕಟ್ಟನ್ನು ಹೆಗಲಿಗೇರಿಸಿಕೊಂಡು ಅವಳು ಬೆಳ್ತಂಗಡಿ ಬಸ್ಸಿಗೆ ಓಡಿದಳು.